ಪಂಚಮಿ ಮರೆತ ಸಮಿತಿ

ಪ್ಯಾಂಟನ್ನು ಒಗೆಯಲು ಹಾಕುವ ಮೊದಲು ಅದರ ಜೇಬಿಗೆ ಕೈ ಹಾಕಿ ನೋಡುವುದು ನನ್ನ ಹೆಂಡತಿಯ ಹಳೆಯ ರೂಢಿ. ನೋಟು ಸಿಕ್ಕೀತೆಂಬ ಆಸೆಯಿಂದಲ್ಲ. ಅಂಥ ಆಸೆ ಮದುವೆಯಾದ ಹೊಸತರಲ್ಲೇ ಹೊರಟುಹೋಗಿತ್ತು. ಅವಳು ಹುಡುಕುವುದು ಸೀಟಿಯನ್ನು. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ನೌಕರಿ ಇದ್ದಷ್ಟು ಕಾಲವೂ, ನಿವೃತ್ತಿಯಾದ ಮೇಲೂ, ಬಲಗಡೆಯ ಜೇಬಿನಲ್ಲಿ ಒಂದು ಹಿತ್ತಾಳೆ ಸೀಟಿ ಇರುತ್ತಿತ್ತು. ಒಮ್ಮೆ ಅದು ವಾಷಿಂಗ್ ಮಷಿನ್ನಿನೊಳಗೆ ಹೋಗಿ ಮಾಡಿದ ಗದ್ದಲಕ್ಕೆ ಪಕ್ಕದ ಮನೆಯವರು ಓಡಿಬಂದಿದ್ದರು. ಮೊನ್ನೆ ಅವಳು ಜೇಬು ತಡವಿ ಏನೂ ಸಿಗದೆ, "ಭಾಳ ದಿನಾ ಆತು, ಸೀಟಿ ಕಾಣವಲ್ದಲ್ರಿ. ಎಲ್ಲಿ ಕಳಕೊಂಡ್ರಿ?" ಎಂದಳು. "ಪಾರ್ಕಿನ ಯಮನಪ್ಪಗ ಕೊಟ್ಟೇನಿ" ಎಂದೆ. "ಛಲೋ ಮಾಡಿದ್ರಿ ಬಿಡ್ರಿ" ಎಂದು ಒಳಗೆ ಹೋದಳು.

ಛಲೋ ಮಾಡಿದೆನೋ ಇಲ್ಲವೋ ಎಂಬುದನ್ನೇ ನಿಮಗೆ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಓದುಗರಾದ ನೀವು ನಮ್ಮ ಮನೆಗೆ ಊಟಕ್ಕೆ ಬರುವವರಲ್ಲ, ಬಂದರೂ ನನ್ನ ತಾಟಿಗೆ ರೊಟ್ಟಿ ಹಾಕುವವರು ನೀವಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಿವೃತ್ತಿಯಾದ ಪಿ.ಟಿ. ಮಾಸ್ತರನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಇನ್ನೊಂದಿಲ್ಲ. ಗಣಿತದವರು ಟ್ಯೂಷನ್ ಹೇಳುತ್ತಾರೆ. ಕನ್ನಡದವರು ಮಂದಿಯ ಲಗ್ನಪತ್ರಿಕೆ ತಿದ್ದಿಕೊಡುತ್ತಾರೆ. "ಸಾವಧಾನ್, ವಿಶ್ರಾಮ್" ಎಂಬ ಎರಡು ಮಾತು ಕಟ್ಟಿಕೊಂಡು ಮನೆಗೆ ಬಂದವನು ಏನು ಮಾಡಬೇಕು? ಅಡುಗೆಮನೆಯಲ್ಲಿ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಲು ಹೋಗಿ ಬೈಸಿಕೊಂಡೆ. ಹೀಗಿರುವಾಗ ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಹತ್ತಿರದ ಉದ್ಯಾನಕ್ಕೆ ಒಂದು ಸಲಹಾ ಸಮಿತಿ ಆಯಿತು. ಉದ್ಯಾನ ನವನಗರವನ್ನು ನೋಡಿಕೊಳ್ಳುವ ಸರಕಾರಿ ಕಚೇರಿಯದು, ಅದನ್ನು ಕಟ್ಟುವವರು, ನೀರು ಬಿಡುವವರು, ಬೀಗ ಹಾಕುವವರು ಎಲ್ಲ ಅವರೇ. ಅಲ್ಲಿ ದಿನಾ ಅಡ್ಡಾಡುವ ನಾವು ತಿಂಗಳಿಗೊಮ್ಮೆ ಕೂತು ಮಕ್ಕಳಿಗೆ ಏನು ಬೇಕು, ಮುದುಕರು ಎಲ್ಲಿ ಕೂಡುತ್ತಾರೆ, ಏನು ಮುರಿದಿದೆ, ಯಾವ ಗಿಡ ಹಚ್ಚಬೇಕು ಎಂದು ನೋಡಿ ಸಲಹೆ ಬರೆದು ಕೊಡಬೇಕು. ಅಧಿಕಾರವಿಲ್ಲ, ಬರೀ ಸಲಹೆ. ಮೈದಾನದ ಅನುಭವವಿದ್ದವರೆಂದು ನನ್ನನ್ನು ಸಂಚಾಲಕನನ್ನಾಗಿ ಮಾಡಿದರು. ಆ ದಿನ ಮನೆಗೆ ಬರುವಾಗ ನನ್ನ ನಡಿಗೆಯಲ್ಲಿ ಪರೇಡಿನ ಬಿಗಿ ಬಂದಿತ್ತು ಎಂದು ಹೆಂಡತಿ ಈಗಲೂ ಹಾಸ್ಯ ಮಾಡುತ್ತಾಳೆ.

ಸಮಿತಿಯಲ್ಲಿ ದವಾಖಾನೆ ಮುಚ್ಚಿ ಕೂತ ಒಬ್ಬ ಡಾಕ್ಟರು, ಒಬ್ಬ ಕಿರಾಣಿ ಅಂಗಡಿ ಸಾವಕಾರರು, ನಾನು, ಮತ್ತು ಒಬ್ಬರೇ ಒಬ್ಬ ಹೆಣ್ಣುಮಗಳು, ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಸರೋಜಕ್ಕೋರು. ನಾವು ಬರೆದ ಸಲಹೆಗಳನ್ನು ನೋಡಿದರೆ ಯಾರಾದರೂ ಮೆಚ್ಚಬೇಕು. ಕುಡಿಯುವ ನೀರಿನ ನಳ, ಹೆಣ್ಣುಮಕ್ಕಳಿಗೆ ಶೌಚಾಲಯ, ಜಾರುಬಂಡಿಯ ಬುಡಕ್ಕೆ ಉಸುಕು, ಬೇಸಿಗೆಯಲ್ಲಿ ಹಂಚಿನಂತೆ ಕಾಯುವ ಕಲ್ಲಿನ ಬೆಂಚುಗಳ ಮೇಲೆ ನೆರಳು. ಎಲ್ಲವೂ ಕಚೇರಿಗೆ ಹೋದವು, ಉಳಿದ ಬಡಾವಣೆಗಳ ಸಲಹೆಗಳ ಹಿಂದೆ ಸಾಲಿನಲ್ಲಿ ನಿಂತವು. ಜೀವನವಿಡೀ ಮಂದಿಯನ್ನು ಸಾಲಿನಲ್ಲಿ ನಿಲ್ಲಿಸಿದ ನಾನು ಸಾಲಿನ ಬಗ್ಗೆ ತಕರಾರು ಮಾಡುವುದು ಹೇಗೆ?

ಜಾರಿಯಾದದ್ದು ಒಂದೇ ಒಂದು ಸಲಹೆ. ಅದರ ಕಥೆ ಹೀಗೆ. ಉದ್ಯಾನದಲ್ಲಿ ಕಬ್ಬಿಣದ ಸರಪಳಿಯ ಜೋಕಾಲಿಗಳಿದ್ದವು. ಸಂಜೆ ಕಾಲೇಜಿನ ಹುಡುಗರು ಬಂದು ಇಬ್ಬಿಬ್ಬರು ನಿಂತು ಜೀಕಿ ಒಂದರ ಸರಪಳಿ ಹರಿದರು. ಸಣ್ಣ ಮಕ್ಕಳು ದೂರ ನಿಂತು ಬಾಯಿ ಬಿಟ್ಟು ನೋಡುವುದೇ ಆಯಿತು. ಆ ತಿಂಗಳ ಸಭೆಯಲ್ಲಿ ನಾನು ಗಂಟಲು ಸರಿಮಾಡಿಕೊಂಡು, ಹನ್ನೆರಡು ವರ್ಷ ಮೇಲ್ಪಟ್ಟ ಯಾರೂ ಜೋಕಾಲಿ ಏರಬಾರದು ಎಂದು ಬೋರ್ಡು ಹಾಕಬೇಕು ಎಂದೆ. ಡಾಕ್ಟರು, "ಯಾರೂ ಅಂದ್ರ ಯಾರೂನೂ ಏನ್ರಿ?" ಎಂದರು. "ಶಿಸ್ತು ಅಂದ್ರ ಹಂಗ್ರಿ. ಒಬ್ಬರಿಗೆ ಬಿಟ್ರ ಊರಿಗೇ ಬಿಡಬೇಕಾಕ್ಕೈತಿ" ಎಂದೆ. ಸಾವಕಾರರು ತಲೆ ಆಡಿಸಿದರು. ಸರೋಜಕ್ಕೋರು ಅಂದು ಇಳಕಲ್ಲಿಗೆ ತಂಗಿಯ ಮಗಳ ಮದುವೆಗೆ ಹೋಗಿದ್ದರು. ಕೂತವರೆಲ್ಲ ಗಂಡಸರು. ಕಚೇರಿಯವರಿಗೆ ಈ ಸಲಹೆ ಬಹಳ ಸೇರಿತು. ನಳ ಹಾಕಬೇಕಾದರೆ ನೆಲ ಅಗೆಯಬೇಕು, ಬೋರ್ಡಿಗೆ ಬಣ್ಣ ಸಾಕು. ಬೇಗನೆ ಹಳದಿ ಬೋರ್ಡಿನ ಮೇಲೆ ಕರಿ ಅಕ್ಷರದಲ್ಲಿ ನನ್ನ ವಾಕ್ಯ ಬಂತು, ಕೆಳಗೆ "ಸಲಹಾ ಸಮಿತಿ" ಎಂದೂ ಬಂತು. ನಾನು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬೀಗರು ಬಿಜ್ಜರಿಗೆಲ್ಲ ಕಳಿಸಿದೆ. ಫೋಟೋದಲ್ಲಿ ನನ್ನ ಎದೆ ಬೋರ್ಡಿಗಿಂತ ಮುಂದಿದೆ.

ಬೋರ್ಡು ಓದುವವರು ಯಾರು? ಕಾವಲಿಗೆ ಯಮನಪ್ಪ ಇದ್ದ. ನನ್ನ ಶಿಷ್ಯನೇ. ಶಾಲೆಯಲ್ಲಿ ಒಂದು ದಿನವೂ ಸಾಲಿನಲ್ಲಿ ನೆಟ್ಟಗೆ ನಿಂತವನಲ್ಲ. ಅವನಿಗೆ ನನ್ನ ಸೀಟಿ ಕೊಟ್ಟು, ಹೇಗೆ ಊದಬೇಕೆಂದು ಕಲಿಸಿ, "ಯಾರೇ ಇರಲಿ, ನಮ್ಮ ಮನಿಯವ್ರ ಏರಿದ್ರೂ ಊದು, ಇಳಸು" ಎಂದು ಹೇಳಿದೆ. "ಆತ್ರಿ ಸರ್" ಎಂದು ಅವನು ಕಾಲು ಜೋಡಿಸಿ ನಿಂತ. ಶಾಲೆಯಲ್ಲಿ ನನ್ನಿಂದಾಗದ್ದು ಉದ್ಯಾನದಲ್ಲಿ ಆಯಿತೆಂದು ಸಂತೋಷಪಟ್ಟೆ.

ನಮ್ಮ ಕಡೆಯವರು ಇಷ್ಟು ಓದುವಷ್ಟರಲ್ಲಿ ಹಣೆ ಬಡಿದುಕೊಂಡಿರುತ್ತಾರೆ. ಬೇರೆ ಕಡೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ಶ್ರಾವಣದಲ್ಲಿ ನಾಗರಪಂಚಮಿ ಬಂತೆಂದರೆ ನಮ್ಮಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆತರಬೇಕು. ಬಂದವರು ಜೋಕಾಲಿ ಜೀಕಬೇಕು. ಹೊಸದಾಗಿ ಮದುವೆಯಾದವಳಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವಳ ತನಕ ಎಲ್ಲ ಹೆಣ್ಣುಮಕ್ಕಳೂ. ವರ್ಷವಿಡೀ ಹೊಲ, ಒಲೆ, ಮಗ್ಗ ಎಂದು ದುಡಿದವರಿಗೆ ಕಾಲು ನೆಲ ಬಿಡುವ ದಿನ ಅದೊಂದೇ. ಗಂಡಸರಾದ ನಮಗೆ ಪಂಚಮಿ ಎಂದರೆ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಆಮೇಲೆ ಯಾರು ಎಷ್ಟು ದೂರ ನಿಂಬೆಹಣ್ಣು ಒಗೆಯುತ್ತಾರೆ ಎಂಬ ಪಂದ್ಯ. ಬಾಗಲಕೋಟೆಯಲ್ಲಿ ಹುಟ್ಟಿ, ಉಂಡಿ ತಿಂದು ಬೆಳೆದ ಮೂವರು ತಲೆ ಬೆಳ್ಳಗಾದವರು ಕೂತು ಜೋಕಾಲಿಗೆ ನಿಯಮ ಬರೆಯುವಾಗ ಒಬ್ಬರಿಗೂ ಪಂಚಮಿ ನೆನಪಾಗಲಿಲ್ಲ. ನಮ್ಮ ಲೆಕ್ಕದಲ್ಲಿ ಪಂಚಮಿ ಜೋಕಾಲಿ ಎಂದರೆ ಗಿಡಕ್ಕೆ ಹಗ್ಗ ಕಟ್ಟಿದ್ದು, ಉದ್ಯಾನದ್ದು ಮಕ್ಕಳ ಆಟದ ಸಾಮಾನು. ಗಿಡವೂ ಇಲ್ಲದ, ಮನೆಯಲ್ಲಿ ತೊಲೆಯೂ ಇಲ್ಲದ ಈ ಹೊಸ ಊರಿನಲ್ಲಿ ಹೆಣ್ಣುಮಕ್ಕಳು ಎಲ್ಲಿ ಹೋಗಿ ಜೀಕಬೇಕೆಂದು ಯಾರೂ ಕೇಳಿಕೊಳ್ಳಲಿಲ್ಲ.

ಹಳೇ ಊರಿನ ನಮ್ಮ ಓಣಿಯಲ್ಲಿ ಒಂದು ಬೇವಿನ ಗಿಡವಿತ್ತು. ಈಗ ಆ ಜಾಗದಲ್ಲಿ ಅಣೆಕಟ್ಟಿನ ಹಿನ್ನೀರು ಇದೆ, ಅದಕ್ಕೇ ನಾವೆಲ್ಲ ನವನಗರಕ್ಕೆ ಬಂದದ್ದು. ಪಂಚಮಿಗೆ ಅದಕ್ಕೆ ಪುಂಡಿನಾರಿನ ಹಗ್ಗ ಹಾಕಿ ಜೋಕಾಲಿ ಕಟ್ಟುತ್ತಿದ್ದರು. ನನ್ನ ಅಕ್ಕ ನೀಲವ್ವ ಹಲಗೆಯ ಮೇಲೆ ನಿಂತು ಜೀಕತೊಡಗಿದರೆ ಉಳಿದವರು ಹಿಂದೆ ಸರಿಯುತ್ತಿದ್ದರು. ಮೇಲೆ ಹೋಗಿ ಹೋಗಿ ಟೊಂಗೆಯ ತುದಿಯ ಬೇವಿನೆಲೆಯನ್ನು ಬಾಯಿಂದ ಕಚ್ಚಿ ತರುತ್ತಿದ್ದಳು. ಕಹಿಯಲ್ಲವೇನೆ ಎಂದರೆ ಅಷ್ಟು ಮೇಲಿನದು ಸಿಹಿ ಇರುತ್ತದೆ ಎನ್ನುತ್ತಿದ್ದಳು. ಮದುವೆಯಾದ ಮೊದಲ ವರ್ಷ ಬಂದಾಗ ಗೆಳತಿಯರು ಬೇವಿನ ಕಡ್ಡಿ ಹಿಡಿದು, ಗಂಡನ ಹೆಸರು ಹೇಳುವ ತನಕ ಬಿಡುವುದಿಲ್ಲ ಎಂದು ಕಾಲಿಗೆ ಹೊಡೆಯುತ್ತಿದ್ದರು. ಅವಳು ಹೆಸರು ಹೇಳದೆ ಕಡ್ಡಿ ಮುಟ್ಟದಷ್ಟು ಮೇಲಕ್ಕೆ ಹೋಗಿಬಿಟ್ಟಳು. ನನ್ನನ್ನೂ ಒಮ್ಮೆ ತನ್ನ ಕಾಲುಗಳ ನಡುವೆ ಕೂಡಿಸಿಕೊಂಡಿದ್ದಳು. ನಾನು ಕಣ್ಣು ಮುಚ್ಚಿ ಅವಳ ಮೊಣಕಾಲು ಅಪ್ಪಿಕೊಂಡೆ, ಇಳಿದ ಮೇಲೆ ತಿಂದ ಉಂಡಿಯನ್ನೆಲ್ಲ ಕಾರಿಕೊಂಡೆ. ಮುಂದೆ ಇಂಥವನೇ ಊರ ಮಕ್ಕಳಿಗೆ ಕಸರತ್ತು ಕಲಿಸಿದ.

ನೀಲಕ್ಕನನ್ನು ಕಮತಗಿಗೆ ಕೊಟ್ಟಿದೆ. ಮಾವ, ಅಂದರೆ ಅವಳ ಗಂಡ, ತೀರಿಹೋದ ಮೇಲೂ ಪಂಚಮಿಗೆ ಬರುವುದನ್ನು ಬಿಟ್ಟಿಲ್ಲ. ನಾನು ಕರೆಯಲು ಹೋಗುವುದನ್ನೂ ಬಿಟ್ಟಿಲ್ಲ. ಆದರೆ ನವನಗರಕ್ಕೆ ಬಂದಾಗಿನಿಂದ ಜೋಕಾಲಿ ಇರಲಿಲ್ಲ. ಮನೆ ಕಟ್ಟಿಸುವಾಗ ಸ್ಲ್ಯಾಬಿಗೆ ಒಂದು ಕಬ್ಬಿಣದ ಕೊಂಡಿ ಹಾಕಿಸು ಎಂದು ಅವಳು ಹೇಳಿದ್ದಳು. ನಾನು ಮರೆತೆ. ಅದರ ಬಗ್ಗೆ ಅವಳು ಮತ್ತೆ ಮಾತೆತ್ತಲಿಲ್ಲ, ಬಂದಾಗಲೊಮ್ಮೆ ಸುಮ್ಮನೆ ಮೇಲೆ ನೋಡುತ್ತಿದ್ದಳು ಅಷ್ಟೆ. ಈ ವರ್ಷ ಕರೆಯಲು ಹೋದಾಗ ಬಾಗಿಲಲ್ಲೇ, "ಪೋಟೋ ನೋಡಿದ್ನಿ ಬಿಡೋ. ನಿನ್ನ ಬೆನ್ನ ಹಿಂದ ಎಂಥಾ ಜೋಕಾಲಿ ಅದಾವ! ಓಣ್ಯಾಗ ಎಲ್ಲಾರಿಗೂ ತೋರ್ಸೇನಿ, ನಮ್ಮ ತಮ್ಮ ಮಾಡ್ಸ್ಯಾನಂತ" ಎಂದಳು. ಫೋನಿನಲ್ಲಿ ಬೋರ್ಡಿನ ಅಕ್ಷರ ಸಣ್ಣವು, ಜೋಕಾಲಿ ದೊಡ್ಡವು. ಆಮೇಲೆ ದನಿ ಇಳಿಸಿ, "ಈ ಮೊಣಕಾಲು ಮುಂದಿನ ವರ್ಷ ನನ್ನ ಮಾತು ಕೇಳ್ತಾವೋ ಇಲ್ಲೋ. ಈ ಸರತಿ ಒಮ್ಮೆ ಕುಂದ್ರಸಲೇ ತಮ್ಮಾ" ಎಂದಳು. ಅಕ್ಕ ನನ್ನನ್ನು ಏನಾದರೂ ಬೇಡಿದ್ದು ನೆನಪಿಲ್ಲ. "ಅದಕ್ಕೇನವಾ, ನಂದ ಪಾರ್ಕ್ ಅದು" ಎಂದುಬಿಟ್ಟೆ.

ನಿಯಮ ಆಗ ನೆನಪಿಗೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಹಬ್ಬದ ದಿನ ಮಧ್ಯಾಹ್ನ ಎಲ್ಲರೂ ಉಂಡು ಮಲಗಿರುತ್ತಾರೆ, ಯಮನಪ್ಪನೂ ತೂಕಡಿಸುತ್ತಿರುತ್ತಾನೆ, ಸಂಚಾಲಕನ ಅಕ್ಕನನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ಬೇರೆಯವರ ಅಕ್ಕಂದಿರ ನೆನಪು ಆಗಲೂ ಬರಲಿಲ್ಲ.

ಪಂಚಮಿಯ ಮಧ್ಯಾಹ್ನ ಹೆಂಡತಿ ಕಡುಬು ಮಾಡುತ್ತಿದ್ದಳು. ಅಕ್ಕ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆಯುಟ್ಟು ಬಂದಳು. ಗೇಟಿಗೆ ಬಂದು ನೋಡಿದರೆ ಉದ್ಯಾನದ ತುಂಬ ಹೆಣ್ಣುಮಕ್ಕಳು. ಬೆಂಚುಗಳ ಮೇಲೆ, ಹುಲ್ಲಿನ ಮೇಲೆ, ಉಂಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಜೋಕಾಲಿಗಳು ಮಾತ್ರ ಖಾಲಿ ತೂಗಾಡುತ್ತಿದ್ದವು. ಗೇಟಿನಲ್ಲೇ ಡಾಕ್ಟರು ಸಿಕ್ಕು ನನ್ನ ಕೈ ಹಿಡಿದುಕೊಂಡರು. "ನಿಮ್ಮ ಯಮನಪ್ಪ ಭಾರೀ ಮನಿಷಾ ಬಿಡ್ರಿ. ಮುಂಜಾನಿಂದ ಒಬ್ಬಾಕಿನ್ನೂ ಏರಗೊಟ್ಟಿಲ್ಲ" ಎಂದು ಶುರುಮಾಡಿದರು. ಅಕ್ಕನಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. "ನೀ ಮಾತಾಡಿ ಬಾ, ನಾ ಮುಂದ ಹೋಗಿರ್ತೇನಿ" ಎಂದು ನಡೆದೇಬಿಟ್ಟಳು.

ಸೀಟಿ ಕೇಳಿತು. ನನ್ನದೇ ಸೀಟಿ. ಎಷ್ಟೋ ವರ್ಷಗಳ ರೂಢಿಯಿಂದ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ತಿರುಗಿ ನೋಡಿದೆ. ಅಕ್ಕ ಚಪ್ಪಲಿ ಬದಿಗೆ ಬಿಟ್ಟು, ಸೆರಗನ್ನು ನಡುವಿಗೆ ಸಿಕ್ಕಿಸಿ, ಜೋಕಾಲಿಯಲ್ಲಿ ಕೂತು ಆಗಲೇ ನಾಲ್ಕಾರು ಸಲ ಜೀಕಿಬಿಟ್ಟಿದ್ದಳು. ಮುಖ ಮೇಲಕ್ಕಿತ್ತು. ಅಲ್ಲಿ ಟೊಂಗೆಯೂ ಇಲ್ಲ ಎಲೆಯೂ ಇಲ್ಲ, ಕಬ್ಬಿಣದ ಅಡ್ಡಪಟ್ಟಿ ಮಾತ್ರ. ಆದರೂ ಅವಳು ಏನನ್ನೋ ಕಂಡವಳಂತೆ ನಗುತ್ತಿದ್ದಳು. ಒಂದು ಗಳಿಗೆ ನನಗೆ ಎಷ್ಟು ಖುಷಿಯಾಯಿತೆಂದರೆ ಓಡಿಹೋಗಿ ಹಿಂದಿನಿಂದ ತೂಗಬೇಕೆನಿಸಿತು. ಆಗಲೇ ಯಮನಪ್ಪ ಇನ್ನೊಮ್ಮೆ ಊದಿ, "ಏ ಯಮ್ಮಾ, ಇಳಿ ಇಳಿ! ಬೋರ್ಡ್ ಕಾಣವಲ್ದೇನು?" ಎಂದ.

"ಅಲ್ಲಿ ಅದಾನ ನೋಡು, ಅವನ್ನ ಕೇಳು" ಎಂದು ಅಕ್ಕ ಜೀಕುತ್ತಲೇ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. ಎಲ್ಲರೂ ನನ್ನತ್ತ ತಿರುಗಿದರು. ಬೆಂಚಿನ ಮೇಲಿದ್ದ ಒಬ್ಬ ಹೆಂಗಸು ಎದ್ದು ಬಂದಳು. ಅವಳ ಪಕ್ಕದಲ್ಲಿ ಕೈತುಂಬ ಹಸಿರು ಬಳೆಯ ಮಗಳು ಮುಖ ಸಪ್ಪಗೆ ಮಾಡಿ ಕೂತಿದ್ದಳು. "ಸರ್, ಈಗರ ನನ್ನ ಮಗಳನ್ನ ಇಳಿಸಿದ್ರು. ಲಗ್ನ ಆಗಿ ಮೊದಲ್ನೇ ಪಂಚಮಿಗೆ ಬಂದಾಳ್ರಿ ಆಕಿ. ನಮಗೊಂದು ಕಾನೂನು, ಇವ್ರಿಗೊಂದ ಏನ್ರಿ? ಇವ್ರು ನಿಮಗ ಏನಾಗಬೇಕ್ರಿ?" ಎಂದಳು.

ಪಕ್ಕದಲ್ಲಿ ಡಾಕ್ಟರು. ಮುಂದೆ ಊರಿನ ಹೆಣ್ಣುಮಕ್ಕಳು. ಬೋರ್ಡಿನ ಮೇಲೆ ನನ್ನ ವಾಕ್ಯ. "ನನಗೇನೂ ಆಗಬೇಕಿಲ್ರಿ" ಎಂದೆ. ಯಾರೋ ಹೇಳಿಸಿದಂತೆ ಆಡಿದೆನೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಯಾರೂ ಹೇಳಿಸಲಿಲ್ಲ. ಅಷ್ಟಕ್ಕೇ ನಿಲ್ಲದೆ ಜೋಕಾಲಿಯ ಹತ್ತಿರ ಹೋಗಿ, "ಅಮ್ಮಾರ, ಇಳೀರಿ. ನಿಯಮ ಎಲ್ಲಾರಿಗೂ ಒಂದ" ಎಂದೂ ಹೇಳಿದೆ. ಎತ್ತಿ ಆಡಿಸಿದ ಅಕ್ಕನಿಗೆ ಅಮ್ಮಾರ ಎಂದೆ.

ಅಕ್ಕ ಕಾಲನ್ನು ನೆಲಕ್ಕೆ ಒತ್ತಿದಳು. ಜೋಕಾಲಿ ತಕ್ಷಣ ನಿಲ್ಲಲಿಲ್ಲ, ಅವಳನ್ನು ಒಂದೆರಡು ಸಲ ಹಿಂದೆ ಮುಂದೆ ಎಳೆದಾಡಿತು. ನನ್ನ ಮುಖ ನೋಡಿದಳು. ಈಗ ಬೈಯುತ್ತಾಳೆ, ಯಾಕಲೇ ತಲಿ ಕೆಟ್ಟತೇನು ಎನ್ನುತ್ತಾಳೆ, ಬೈದರೆ ನಾನು ಉಳಿದೆ ಎಂದುಕೊಂಡೆ. ಅವಳು ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು. "ತಪ್ಪಾತ್ರಿ ಸರ್" ಎಂದಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ನಮ್ಮ ತಮ್ಮಂತ ತಿಳಕೊಂಡಿದ್ನಿ ನಮ್ಮವ್ವಾ. ಕಣ್ಣು ಮಂಜಾಗ್ಯಾವ" ಎಂದಳು.

ಅವಳಿಗೆ ಏಳಲು ಆಗಲಿಲ್ಲ. ಹಸಿರು ಬಳೆಯ ಹುಡುಗಿಯೇ ಬಂದು "ಸಾವಕಾಶ್ರೀ ಅಜ್ಜಿ" ಎಂದು ಕೈಹಿಡಿದು ಎಬ್ಬಿಸಿದಳು, ಚಪ್ಪಲಿಯನ್ನು ಕಾಲ ಹತ್ತಿರ ಸರಿಸಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಇವತ್ತು ಪಂಚಮಿ, ಈಕೆ ನನ್ನ ಅಕ್ಕ, ಎಲ್ಲರೂ ಏರಿರಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಡಾಕ್ಟರು ನಗುತ್ತಿದ್ದರು, ಹೆಣ್ಣುಮಕ್ಕಳು ಜೀಕುತ್ತಿದ್ದರು, ಸಂಜೆಯ ಹೊತ್ತಿಗೆ ಒಂದು ಸರಪಳಿ ಹರಿಯುತ್ತಿತ್ತೇನೋ. ಅಷ್ಟೇ. ಯಮನಪ್ಪ ನನಗೊಂದು ಸೆಲ್ಯೂಟ್ ಹೊಡೆದ. ಅವನ ತಪ್ಪೇನೂ ಇಲ್ಲ.

ಗೇಟು ದಾಟಿ ನಾನು ಮುಂದೆ ಹೊರಟೆ. ಅಕ್ಕ ಹಿಂದೆ ದೂರದಲ್ಲಿ ಬರುತ್ತಿದ್ದಳು. ಮೊಣಕಾಲಿನ ನೋವಿರಬೇಕೆಂದು ನಿಂತೆ. ನಾನು ನಿಂತದ್ದು ಕಂಡು ಅವಳೂ ನಿಂತು ಯಾರದೋ ಕಂಪೌಂಡಿನ ಹೂವಿನ ಗಿಡ ನೋಡತೊಡಗಿದಳು. ಆಮೇಲೆ ಅರ್ಥವಾಯಿತು. ಹಾಲಿನ ಅಂಗಡಿಯ ತಿರುವು ದಾಟಿ ಉದ್ಯಾನ ಮರೆಯಾದ ಮೇಲೆ ಬಿರಬಿರನೆ ನಡೆದು ನನ್ನ ಪಕ್ಕಕ್ಕೆ ಬಂದಳು. "ಇಲ್ಲಿ ಯಾರೂ ಇಲ್ಲೋ. ಈಗ ಜೋಡೀಲೆ ಹೋಗಬೌದಲ್ಲ?" ಎಂದಳು. ಚುಚ್ಚಿ ಮಾತಾಡಿದ್ದಲ್ಲ, ನಿಜವಾಗಿಯೇ ಕೇಳಿದಳು. ಮನೆಯಲ್ಲಿ ಹೆಂಡತಿ, "ಜೀಕಿದ್ರೇನ್ರಿ ಅಕ್ಕಾ?" ಎಂದಾಗ, "ಮೊದಲ ಒಂದು ತಂಬಗಿ ನೀರು ಕೊಡವಾ" ಎಂದು ಒಳಗೆ ಹೋದಳು. ನನಗೆ ಬಿಸಿ ಕಡುಬಿನ ಮೇಲೆ ತುಪ್ಪ ಹಾಕಿದವಳೂ ಅಕ್ಕನೇ.

ಮುಂದಿನ ಸಭೆಯ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕಡೆಯಲ್ಲಿ ಹೇಳಿದರೆ ಮಾಸ್ತರ ಸುಧಾರಿಸಿದ ಎಂದು ನೀವು ತಿಳಿದುಕೊಳ್ಳುವ ಅಪಾಯವಿದೆ. ಸರೋಜಕ್ಕೋರು ಬಂದವರೇ, "ಅಲ್ರಿ, ಇಷ್ಟ ಮಂದಿ ಗಂಡಸರು ಕುಂತಿದ್ರಿ, ಒಬ್ಬರಿಗರ ಪಂಚಮಿ ನೆನಪಾಗಲಿಲ್ಲೇನ್ರಿ? ನಿಮ್ಮ ಮನ್ಯಾಗ ಹೆಣ್ಣುಮಕ್ಕಳ ಇಲ್ಲೇನು?" ಎಂದರು. ಮೂವರೂ ಚಹಾದ ಕಪ್ಪಿನಲ್ಲಿ ಮುಖ ಹುದುಗಿಸಿದೆವು. ಪಂಚಮಿಯ ವೇಳೆ ಎಲ್ಲ ಹೆಣ್ಣುಮಕ್ಕಳಿಗೂ ಜೋಕಾಲಿ ಬಿಡಬೇಕು, ದೊಡ್ಡವರ ಭಾರ ತಾಳುವ ಒಂದೆರಡು ಗಟ್ಟಿ ಜೋಕಾಲಿ ಹಾಕಬೇಕು ಎಂದು ಅವರೇ ಹೇಳಿ ನನ್ನಿಂದ ಬರೆಸಿದರು. ಅದೂ ಕಚೇರಿಗೆ ಹೋಗಿದೆ. ನಳ ಮತ್ತು ಶೌಚಾಲಯದ ಹಿಂದೆ ಸಾಲಿನಲ್ಲಿ ನಿಂತಿದೆ.

ಹಬ್ಬದ ಮರುದಿನ ಅಕ್ಕನನ್ನು ಕಮತಗಿಯ ಮೇಲೆ ಹೋಗುವ ಇಳಕಲ್ ಬಸ್ಸಿಗೆ ಹತ್ತಿಸಲು ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಹೊಂದಿಸಿದ್ದೆ. ಬಸ್ ಸ್ಟ್ಯಾಂಡಿನಲ್ಲಿ "ಅಕ್ಕಾ, ನಿನ್ನೆ ನಾನು..." ಎಂದೆ. "ಬಸ್ ಬಂತ ನೋಡು, ಚೀಲಾ ಕೊಡು" ಎಂದು ಚೀಲ ಕಸಿದುಕೊಂಡು ಹತ್ತಿದಳು, ಕಿಟಕಿಯ ಬದಿಗೆ ಜಾಗ ಹಿಡಿದಳು. "ನೀ ಹೋಗೋ, ಬಿಸಲಾಗ ನಿಂದರಬ್ಯಾಡ" ಎಂದಳು. ಹೋದಂತೆ ಮಾಡಿ ಬಾಳೆಹಣ್ಣು ಕೊಂಡು ತಿರುಗಿ ಬಂದೆ. ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಅವಳು ಆ ಕಡೆ ಮುಖ ಮಾಡಿ ಪಕ್ಕದವಳೊಡನೆ ಮಾತಾಡುತ್ತಿದ್ದಳು, ನಾನು ಕಿಟಕಿಯ ಕೆಳಗೆ ಬಂದದ್ದು ಅವಳಿಗೆ ಗೊತ್ತಿರಲಿಲ್ಲ.

"ಪಂಚಮಿಗೆ ಬಂದಿದ್ರೇನ್ರಿ? ಛಲೋ ಆತೇನು?" ಎಂದು ಪಕ್ಕದವಳು ಕೇಳಿದಳು.

"ಭಾಳ ಛಲೋ ಆತವಾ" ಎಂದಳು ನೀಲಕ್ಕ. "ನಮ್ಮ ತಮ್ಮ ಪಾರ್ಕಿಗೆ ಕರಕೊಂಡು ಹೋಗಿದ್ದಾ. ಮಂದಿ ಅಂದ್ರ ಮಂದಿ. ಅವಾ ಎಲ್ಲಾರ ಮುಂದ, ಈಕಿ ನಮ್ಮಕ್ಕ, ಸರೀರಿ ಅಂತ ಹೇಳಿ ಕುಂದ್ರಿಸಿದಾ. ತಾನ ಹಿಂದ ನಿಂತು ತೂಗಿದಾ."

ಕಂಡಕ್ಟರ್ ಬಾಗಿಲು ಎಳೆದ. ಬಾಳೆಹಣ್ಣು ನನ್ನ ಕೈಯಲ್ಲೇ ಉಳಿಯಿತು.